ಆಂಟೆನಾ ಹೋಗಿ ಡಿಶ್ ಬಂದ ಮೇಲೆ
ಚಿಗಟೇರಿ ಸೀಮೆಯ ರೈತರಿಗೆ ದೂರದರ್ಶನದ ಹೊಸ ವ್ಯವಸ್ಥೆಯ ಪರಿಚಯ

ಹರಪನಹಳ್ಳಿ ತಾಲ್ಲೂಕಿನ ಚಿಗಟೇರಿ ಹೋಬಳಿಯ ಊರುಗಳಲ್ಲಿ ಹಳೆಯ ಮಾಳಿಗೆ ಮನೆಗಳ ಮೇಲೆ ಅಲ್ಲೊಂದು ಇಲ್ಲೊಂದು ಟಿ.ವಿ. ಆಂಟೆನಾ ಇನ್ನೂ ನಿಂತಿರುವುದನ್ನು ಕಾಣಬಹುದು. ಮೀನಿನ ಮುಳ್ಳಿನಂತೆ ಅಡ್ಡಡ್ಡ ಕಡ್ಡಿಗಳಿರುವ ಈ ಅಲ್ಯೂಮಿನಿಯಂ ಸಾಧನವು ಒಂದು ಕಾಲಕ್ಕೆ ಮನೆಯ ಅಂತಸ್ತಿನ ಗುರುತಾಗಿತ್ತು. ಗಾಳಿಗೆ ಅದು ತಿರುಗಿದಾಗ ಹುಡುಗನೊಬ್ಬನು ಮಾಳಿಗೆ ಹತ್ತುವುದು, ಕೆಳಗಿನವರು "ಬಂತು, ಬಂತು, ಇಲ್ಲ ಹೋತು" ಎಂದು ಕೂಗುವುದು, ಈಗ ಐವತ್ತು ದಾಟಿದ ಎಲ್ಲರಿಗೂ ನೆನಪಿರುವ ಸಂಗತಿ.

ಈ ಭಾಗದಲ್ಲಿ ನಡೆದ ಒಂದು ರೈತರ ಸಭೆ ಮುಗಿದ ಮೇಲೆ ಹಿರಿಯ ರೈತರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದರು. "ಸಾಹೇಬ್ರೆ, ಬೆಳಿ ವಿಚಾರ ಅಲ್ಲ, ಬೇರೆ ಒಂದು ಕೇಳ್ಬೇಕ್ರಿ. ನಮ್ಮ ಟಿ.ವಿ. ಕೆಟ್ಟಿಲ್ರಿ. ರಿಪೇರಿ ಮಾಡೋನು ಎರಡು ಸಲ ಬಿಚ್ಚಿ ನೋಡಿದ. ರೊಕ್ಕಾನೂ ತಗಂಡ. ಆದ್ರೂ ಬರೇ ಸೊಳ್ಳಿ ಮುತ್ತಿದಂಗ ಕಾಣ್ತೈತಿ" ಎಂದರು.

"ಯಜಮಾನ್ರೆ, ನಿಮ್ಮ ಟಿ.ವಿ. ಕೆಟ್ಟಿಲ್ಲ. ಅದಕ್ಕೆ ಬರುತ್ತಿದ್ದ ಪ್ರಸಾರವೇ ನಿಂತುಹೋಗಿದೆ" ಎಂದೆ.

"ನಿಂತಿದ್ದು ನಮಗ್ಯಾರು ಹೇಳಿದ್ರಿ?" ಎಂದು ಅವರು ಕೇಳಿದರು. ಈ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಚಿಗಟೇರಿಯು ನಾರದಮುನಿಯ ಕ್ಷೇತ್ರ. ಮೂರು ಲೋಕಕ್ಕೂ ಸುದ್ದಿ ಮುಟ್ಟಿಸುವವನ ಊರಿನ ಸೀಮೆಯಲ್ಲಿಯೇ ಈ ಸುದ್ದಿ ಮುಟ್ಟಿರಲಿಲ್ಲ. ಆ ಹಿರಿಯರಂತೆ ಇನ್ನೂ ಹಲವರು ಇದ್ದಾರೆಂದು ತಿಳಿದುದರಿಂದ ಈ ಲೇಖನವನ್ನು ಬರೆಯಲಾಗಿದೆ.

ನಿಂತದ್ದು ಯಾವುದು?

ಹಳೆಯ ಆಂಟೆನಾಕ್ಕೆ ಬಿಂಬ ಮತ್ತು ಧ್ವನಿ ಬರುತ್ತಿದ್ದುದು ಪಟ್ಟಣಗಳಲ್ಲಿ ದೂರದರ್ಶನವು ನಿಲ್ಲಿಸಿದ್ದ ಗೋಪುರಗಳಿಂದ. 1984ರಿಂದ ದೇಶದಾದ್ಯಂತ ಇಂಥ ಸಣ್ಣ ಶಕ್ತಿಯ ಪ್ರೇಷಕಗಳು ಬಹು ಬೇಗನೆ ಹೆಚ್ಚಿದವು. ಕೊನೆಗೆ ದೂರದರ್ಶನದ ಪ್ರೇಷಕಗಳ ಒಟ್ಟು ಸಂಖ್ಯೆ 1,400ನ್ನು ಮೀರಿತು. ಇವೆಲ್ಲವೂ ಹಳೆಯ ಅನಲಾಗ್ ವಿಧಾನದವು. ಕೇಬಲ್ ಮತ್ತು ಡಿಶ್ ಹರಡಿದ ಮೇಲೆ ಗೋಪುರದ ಪ್ರಸಾರವನ್ನು ನೋಡುವವರು ಬಹಳ ಕಡಿಮೆಯಾದರೆಂಬ ಕಾರಣದಿಂದ ಪ್ರಸಾರ ಭಾರತಿಯು ಇವನ್ನು ಹಂತಹಂತವಾಗಿ ಮುಚ್ಚತೊಡಗಿತು. ಆಯಕಟ್ಟಿನ ಜಾಗಗಳಲ್ಲಿರುವ ಸುಮಾರು 50 ಪ್ರೇಷಕಗಳನ್ನು ಬಿಟ್ಟು ಉಳಿದವನ್ನೆಲ್ಲ 2022ರ ಮಾರ್ಚ್ 31ರೊಳಗೆ ನಿಲ್ಲಿಸಲಾಗುವುದೆಂದು 2021ರಲ್ಲಿ ಪ್ರಕಟಿಸಲಾಯಿತು.

ಕೇಬಲ್ ಟಿ.ವಿ.ಯಲ್ಲಿ ಬದಲಾವಣೆ ಇದಕ್ಕೂ ಮುಂಚೆಯೇ ಆಗಿತ್ತು. 1995ರ ಕೇಬಲ್ ಕಾಯ್ದೆಗೆ 2011ರಲ್ಲಿ ತಿದ್ದುಪಡಿ ತಂದು, ಸೆಟ್‌ಟಾಪ್ ಬಾಕ್ಸ್ ಇಲ್ಲದ ಕೇಬಲ್ ಪ್ರಸಾರವನ್ನು ನಾಲ್ಕು ಹಂತಗಳಲ್ಲಿ ನಿಲ್ಲಿಸಬೇಕೆಂದು ವಿಧಿಸಲಾಯಿತು. ಮೊದಲ ಹಂತದಲ್ಲಿ ನಾಲ್ಕು ಮಹಾನಗರಗಳು, ಎರಡನೆಯ ಹಂತದಲ್ಲಿ, ಅಂದರೆ 2013ರ ಮಾರ್ಚ್ ಕೊನೆಗೆ, ಬೆಂಗಳೂರು ಮತ್ತು ಮೈಸೂರು ಸೇರಿ 38 ನಗರಗಳು, ಮೂರನೆಯದರಲ್ಲಿ ಹರಪನಹಳ್ಳಿಯಂಥ ಉಳಿದ ಪಟ್ಟಣಗಳು, ನಾಲ್ಕನೆಯದರಲ್ಲಿ ಹಳ್ಳಿಗಳು. ಗಡುವು ಒಂದೆರಡು ಸಲ ಮುಂದಕ್ಕೆ ಹೋಗಿ, ಹಳ್ಳಿಗಳಿಗೆ 2017ರ ಮಾರ್ಚ್ 31 ಕೊನೆಯ ದಿನವಾಯಿತು. ಕೇಬಲ್ ಇದ್ದವರಿಗೆ ಈ ಬದಲಾವಣೆ ಗೊತ್ತಾಯಿತು. ಏಕೆಂದರೆ ಕೇಬಲ್‌ನವನು ಮನೆಬಾಗಿಲಿಗೆ ಬಂದು ಬಾಕ್ಸ್ ಕೊಟ್ಟು ಹಣ ಕೇಳಿದನು. ಬರಿಯ ಆಂಟೆನಾವನ್ನು ನಂಬಿದ್ದವರ ಬಾಗಿಲಿಗೆ ಮಾತ್ರ ಯಾರೂ ಬರಲಿಲ್ಲ.

ಬೇರೆ ದೇಶಗಳಲ್ಲಿ ಇದನ್ನು ಹೇಗೆ ಮಾಡಿದರೆಂಬುದನ್ನು ಇಲ್ಲಿ ಹೇಳುವುದು ಉಚಿತ. ಅಮೆರಿಕದಲ್ಲಿ 2009ರ ಜೂನ್ 12ರಂದು ದೊಡ್ಡ ಕೇಂದ್ರಗಳ ಹಳೆಯ ಪ್ರಸಾರ ನಿಂತಿತು. ಅದಕ್ಕೆ ಮೊದಲು ಹೊಸ ಬಾಕ್ಸ್ ಕೊಳ್ಳಲು ಕೇಳಿದ ಪ್ರತಿ ಮನೆಗೆ 40 ಡಾಲರಿನ ಎರಡು ಕೂಪನ್‌ಗಳವರೆಗೆ ಸರ್ಕಾರವೇ ಕೊಟ್ಟಿತು. ಬ್ರಿಟನ್ನಿನಲ್ಲಿ ಒಂದೊಂದು ಪ್ರಾಂತ್ಯಕ್ಕೂ ದಿನ ಗೊತ್ತುಮಾಡಿ 2012ರ ಅಕ್ಟೋಬರ್ 24ಕ್ಕೆ ಕೆಲಸ ಮುಗಿಸಿದರು. 75 ವರ್ಷ ದಾಟಿದವರಿಗೂ ಅಂಗವಿಕಲರಿಗೂ ಮನೆಗೆ ಹೋಗಿ ಜೋಡಿಸಿಕೊಡುವ ಯೋಜನೆ ಅಲ್ಲಿತ್ತು. ನಮ್ಮಲ್ಲಿ ಗೋಪುರದ ಟಿ.ವಿ. ನೋಡುವವರು ಕಡಿಮೆ ಇದ್ದರೆಂಬುದು ನಿಜ. ಆದರೆ ಆ ಕಡಿಮೆ ಜನ ಯಾರು? ತಿಂಗಳ ಬಾಡಿಗೆ ಕಟ್ಟಲಾಗದವರು, ಊರಿನಿಂದ ದೂರ ಹೊಲದ ಮನೆಯಲ್ಲಿರುವವರು, ವಯಸ್ಸಾದವರು. ಅವರಿಗೊಂದು ಮಾತು ಹೇಳಿ ನಿಲ್ಲಿಸಬಹುದಿತ್ತು ಎಂಬುದು ಈ ಲೇಖಕನ ಅಭಿಪ್ರಾಯ.

ಮೊದಲು ಬಂದದ್ದೂ ಆಕಾಶದಿಂದಲೇ

ಕನ್ನಡ ನಾಡಿನ ಹಳ್ಳಿಗಳಿಗೆ ಮೊಟ್ಟಮೊದಲು ಟಿ.ವಿ. ಬಂದದ್ದು ಗೋಪುರದಿಂದಲ್ಲ, ಉಪಗ್ರಹದಿಂದ ಎಂದರೆ ಇಂದಿನ ಹುಡುಗರಿಗೆ ಆಶ್ಚರ್ಯವಾಗಬಹುದು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಒಂದು ವರ್ಷ ಕಾಲ 'ಸೈಟ್' ಎಂಬ ಪ್ರಯೋಗ ನಡೆಯಿತು. ಅಮೆರಿಕದ ಎ.ಟಿ.ಎಸ್.-6 ಎಂಬ ಉಪಗ್ರಹವನ್ನು ಎರವಲು ಪಡೆದು, ನಮ್ಮ ಬಾಹ್ಯಾಕಾಶ ವಿಜ್ಞಾನಿಗಳೂ ದೂರದರ್ಶನದವರೂ ಸೇರಿ ಆರು ರಾಜ್ಯಗಳ 2,400 ಹಳ್ಳಿಗಳಿಗೆ ಕಾರ್ಯಕ್ರಮಗಳನ್ನು ಕಳುಹಿಸಿದರು. ಕರ್ನಾಟಕದಲ್ಲಿ ಗುಲ್ಬರ್ಗ, ರಾಯಚೂರು ಮತ್ತು ಬಿಜಾಪುರ ಜಿಲ್ಲೆಗಳ ಹಳ್ಳಿಗಳನ್ನು ಇದಕ್ಕಾಗಿ ಆರಿಸಲಾಗಿತ್ತು. ಆಗ ಬಳ್ಳಾರಿ ಜಿಲ್ಲೆಯಲ್ಲಿದ್ದ ಹರಪನಹಳ್ಳಿಗೆ ಆ ಭಾಗ್ಯ ಸಿಗಲಿಲ್ಲ. ತುಂಗಭದ್ರೆಯ ಆಚೆ ದಡದ ರಾಯಚೂರು ಜಿಲ್ಲೆಯವರಿಗೆ ಸಿಕ್ಕಿತು.

ಶಾಲೆ, ಪಂಚಾಯಿತಿಗಳಂಥ ಸಾರ್ವಜನಿಕ ಜಾಗದಲ್ಲಿ ಒಂದು ಟಿ.ವಿ.; ಅದರ ಮಗ್ಗುಲಲ್ಲಿ ಕೋಳಿ ಜಾಲರಿಯಂಥ ತಂತಿಬಲೆಯಿಂದ ಮಾಡಿದ, ಹತ್ತು ಅಡಿ ಅಗಲದ ಬಾಣಲೆಯಾಕಾರದ ಆಂಟೆನಾ. ಬೆಳಿಗ್ಗೆ ಮಕ್ಕಳಿಗೆ ಪಾಠ, ಸಂಜೆ ದೊಡ್ಡವರಿಗೆ ಬೇಸಾಯ, ಆರೋಗ್ಯ, ಮನರಂಜನೆ. ವರ್ಷ ಮುಗಿದ ಕೂಡಲೇ ಉಪಗ್ರಹವನ್ನು ಅಮೆರಿಕದವರು ಹಿಂದಕ್ಕೆ ಒಯ್ದರು. ಹಳ್ಳಿಯ ಟಿ.ವಿ.ಗಳು ಮೂಕವಾದವು. 1977ರಲ್ಲಿ ಗುಲ್ಬರ್ಗದಲ್ಲಿ ಗೋಪುರ ಎದ್ದಿತು. ಬೆಂಗಳೂರು ದೂರದರ್ಶನ ಕೇಂದ್ರ 1981ರ ನವೆಂಬರ್ 1ರಂದು ಆರಂಭವಾಯಿತು.

ದೇಶದಲ್ಲಿ ಟಿ.ವಿ.ಯನ್ನು ರೈತನ ಹೆಸರಿನಲ್ಲಿಯೇ ಬೆಳೆಸಿದರೆಂಬುದನ್ನೂ ಮರೆಯಬಾರದು. 'ಕೃಷಿ ದರ್ಶನ' ಕಾರ್ಯಕ್ರಮವು 1967ರ ಜನವರಿ 26ರಂದು ದೆಹಲಿಯ ಸುತ್ತಲಿನ 80 ಹಳ್ಳಿಗಳಿಗಾಗಿ ಶುರುವಾದದ್ದು. ಸಿನಿಮಾ ಹಾಡುಗಳೂ ಧಾರಾವಾಹಿಗಳೂ ಆಮೇಲೆ ಬಂದವು.

ಅಂದು ತಂತಿಬಲೆಯ ಬಾಣಲೆ ಪಡುವಣಕ್ಕೆ ಮುಖಮಾಡಿತ್ತು. ಏಕೆಂದರೆ ಆ ಉಪಗ್ರಹ ಆಫ್ರಿಕದ ಮೇಲೆ ನಿಂತಿತ್ತು. ಇಂದಿನ ಡಿಶ್ ಆಗ್ನೇಯಕ್ಕೆ ಮುಖಮಾಡುತ್ತದೆ. ನಡುವಿನ ಸುಮಾರು ನಲವತ್ತು ವರ್ಷಗಳಷ್ಟೇ ಗೋಪುರದ ಕಾಲ.

ಅನಲಾಗ್ ಎಂದರೇನು, ಡಿಜಿಟಲ್ ಎಂದರೇನು?

ಒಬ್ಬ ರೈತನು ಚಿಗಟೇರಿಯಿಂದ ದಾವಣಗೆರೆಯ ಮಾರುಕಟ್ಟೆಗೆ ಮೆಕ್ಕೆಜೋಳ ಕಳುಹಿಸುತ್ತಾನೆಂದು ಇಟ್ಟುಕೊಳ್ಳೋಣ. ಚೀಲ ಕಟ್ಟದೆ, ತೆರೆದ ಗಾಡಿಯಲ್ಲಿ ಸುರಿದು ಕಳುಹಿಸಿದರೆ ದಾರಿಯುದ್ದಕ್ಕೂ ಒಂದಿಷ್ಟು ಸೋರುವುದು, ಒಂದಿಷ್ಟು ಧೂಳು ಸೇರುವುದು. ದೂರ ಹೋದಷ್ಟೂ ನಷ್ಟ ಹೆಚ್ಚು. ಆದರೂ ಎಷ್ಟೋ ಒಂದಷ್ಟು ಮುಟ್ಟಿಯೇ ಮುಟ್ಟುವುದು. ಅನಲಾಗ್ ಪ್ರಸಾರ ಇಂಥದು. ಗೋಪುರದಿಂದ ದೂರವಾದಷ್ಟೂ ಬಿಂಬ ಮಸುಕಾಗಿ, ಸೊಳ್ಳೆ ಮುತ್ತಿದಂತೆ ಚುಕ್ಕೆಗಳು ಕಾಣುತ್ತಿದ್ದವು. ಆದರೂ ಮಾತು ಕೇಳುತ್ತಿತ್ತು, ಮುಖ ಗುರುತು ಸಿಗುತ್ತಿತ್ತು.

ಈಗ ಕಾಳನ್ನೇ ಕಳುಹಿಸುವ ಬದಲು, ಇಷ್ಟು ಚೀಲ, ಇಷ್ಟು ಕಿಲೋ ಎಂದು ಅಂಕಿ ಬರೆದ ಚೀಟಿಯನ್ನು ಕಳುಹಿಸಿ, ಅಲ್ಲಿಯ ಗೋದಾಮಿನಿಂದ ಅಷ್ಟೇ ಕಾಳನ್ನು ಅಳೆದು ಕೊಡುವಂತೆ ಹೇಳಿದರೆ? ಚೀಟಿ ಸ್ವಲ್ಪ ಮುದುಡಿದರೂ, ಎಣ್ಣೆ ತಾಗಿದರೂ ಅಂಕಿ ಓದಲು ಬಂದರೆ ಸಾಕು, ಒಂದು ಕಾಳೂ ಕಡಿಮೆಯಾಗದು. ಡಿಜಿಟಲ್ ಪ್ರಸಾರವೂ ಹೀಗೆಯೇ. ಬಿಂಬವನ್ನೂ ಧ್ವನಿಯನ್ನೂ ಅಂಕಿಗಳಾಗಿ ಮಾಡಿ ಕಳುಹಿಸುವರು; ಸೆಟ್‌ಟಾಪ್ ಬಾಕ್ಸ್ ಆ ಅಂಕಿಗಳನ್ನು ಓದಿ ಮತ್ತೆ ಬಿಂಬವಾಗಿ ಕಟ್ಟುವುದು. ಆದುದರಿಂದ ಬಿಂಬ ಯಾವಾಗಲೂ ಸ್ವಚ್ಛ. ಆದರೆ ಚೀಟಿಯನ್ನು ಓದಲಾಗದಷ್ಟು ಕೆಟ್ಟರೆ ಸಿಗುವುದು ಅರ್ಧವಲ್ಲ, ಏನೂ ಇಲ್ಲ. ಡಿಶ್ ಟಿ.ವಿ.ಯಲ್ಲಿ ಚಿತ್ರವು ಚೌಕಚೌಕವಾಗಿ ಒಡೆದು, ತಟ್ಟನೆ ನಿಂತುಹೋಗುವುದಕ್ಕೆ ಇದೇ ಕಾರಣ. ಹಳೆಯ ಟಿ.ವಿ. ಮುದುಕನಂತೆ ಕುಂಟುತ್ತ ನಡೆಯುತ್ತಿತ್ತು. ಹೊಸದು ಓಡುವುದು, ಇಲ್ಲವೇ ಬೀಳುವುದು.

ಇನ್ನೊಂದು ಲಾಭವೆಂದರೆ ಜಾಗದ ಉಳಿತಾಯ. ಅನಲಾಗ್ ವಿಧಾನದಲ್ಲಿ ಒಂದು ವಾಹಿನಿಗೆ ಬೇಕಾಗುತ್ತಿದ್ದಷ್ಟೇ ತರಂಗದ ಜಾಗದಲ್ಲಿ ಡಿಜಿಟಲ್ ವಿಧಾನದಿಂದ ಹಲವು ವಾಹಿನಿಗಳನ್ನು ಕಳುಹಿಸಬಹುದು. ಒಂದೇ ಬೆಳೆ ಇದ್ದ ಹೊಲದಲ್ಲಿ ಅಕ್ಕಡಿ ಸಾಲು ಹಾಕಿದಂತೆ.

ಗೋಪುರದಿಂದಲೇ ಡಿಜಿಟಲ್ ಪ್ರಸಾರ ಮಾಡುವ ವಿಧಾನವೂ ಉಂಟು. 2016ರಲ್ಲಿ ಬೆಂಗಳೂರು ಸೇರಿದಂತೆ ಕೆಲವು ನಗರಗಳಲ್ಲಿ ದೂರದರ್ಶನವು ಇದನ್ನು ಆರಂಭಿಸಿತು. ಆದರೆ ಆ ಪ್ರಸಾರ ನಗರದ ಸುತ್ತಮುತ್ತಲಿಗೇ ಸೀಮಿತ. ಚಿಗಟೇರಿಯಲ್ಲಿ ಅದನ್ನು ಕಾಯುತ್ತ ಕೂರುವುದರಲ್ಲಿ ಅರ್ಥವಿಲ್ಲ.

ಬಾಡಿಗೆಯ ಲೆಕ್ಕ

ಈಗ ಹಳ್ಳಿಯವರ ಮುಂದಿರುವ ದಾರಿಗಳು ಮೂರು: ಕೇಬಲ್, ತಿಂಗಳ ಹಣ ಕಟ್ಟುವ ಖಾಸಗಿ ಡಿಶ್, ಮತ್ತು ದೂರದರ್ಶನದ ಉಚಿತ ಡಿಶ್.

ಮೊದಲಿನ ಎರಡರ ವೆಚ್ಚವನ್ನು ನೋಡೋಣ. 2019ರ ಫೆಬ್ರವರಿಯಿಂದ ಜಾರಿಗೆ ಬಂದ ನಿಯಮದಂತೆ 100 ವಾಹಿನಿಗಳಿಗೆ ತಿಂಗಳಿಗೆ 130 ರೂಪಾಯಿ, ಅದರ ಮೇಲೆ ಶೇಕಡ 18ರ ತೆರಿಗೆ, ಒಟ್ಟು 153 ರೂಪಾಯಿ 40 ಪೈಸೆ ಎಂದು ಮೇಲ್ಮಿತಿ ಗೊತ್ತಾಗಿತ್ತು. ಹಣದ ವಾಹಿನಿಗಳು ಬೇಕಾದರೆ ಅವುಗಳ ಬೆಲೆ ಬೇರೆ. ದರಗಳು ಆಮೇಲೆ ಬದಲಾಗಿವೆ. ಆದರೆ ಆ ವರ್ಷದ ಕನಿಷ್ಠ ಲೆಕ್ಕದಲ್ಲಿಯೇ ವರ್ಷಕ್ಕೆ 1,840 ರೂಪಾಯಿ ಆಗುತ್ತಿತ್ತು, ಐದು ವರ್ಷಕ್ಕೆ ಒಂಬತ್ತು ಸಾವಿರ ಮೀರುತ್ತಿತ್ತು. ಉಚಿತ ಡಿಶ್‌ಗೆ ಒಂದು ಸಲ ಸುಮಾರು 2,000 ರೂಪಾಯಿ ಖರ್ಚು ಬರುವುದು. ಆಮೇಲೆ ತಿಂಗಳ ಬಾಡಿಗೆ ಇಲ್ಲ.

ಮೊತ್ತಕ್ಕಿಂತ ಮುಖ್ಯವಾದದ್ದು ಅದನ್ನು ಕೊಡಬೇಕಾದ ಸಮಯ. ಸಂಬಳದವನಿಗೆ ತಿಂಗಳಿಗೊಮ್ಮೆ ಹಣ ಬರುತ್ತದೆ, ತಿಂಗಳಿಗೊಮ್ಮೆ ಕಟ್ಟುತ್ತಾನೆ. ಮಳೆಯಾಶ್ರಿತ ರೈತನಿಗೆ ಹಣ ಬರುವುದು ಮೆಕ್ಕೆಜೋಳವೋ ಈರುಳ್ಳಿಯೋ ಮಾರಾಟವಾದಾಗ. ಜೂನ್, ಜುಲೈ ತಿಂಗಳುಗಳಲ್ಲಿ ಇದ್ದಬದ್ದ ಹಣವೆಲ್ಲ ಬೀಜಗೊಬ್ಬರಕ್ಕೆ ಹೋಗಿರುತ್ತದೆ. ಅದೇ ಹೊತ್ತಿಗೆ ರೀಚಾರ್ಜ್ ಮುಗಿದು ಟಿ.ವಿ. ನಿಲ್ಲುತ್ತದೆ. ಬಿತ್ತನೆ, ಮಳೆ, ಕೀಟಗಳ ವಿಷಯ ಅತ್ಯಂತ ಅಗತ್ಯವಾದ ತಿಂಗಳಲ್ಲಿಯೇ ಪರದೆ ಕಪ್ಪಾಗುತ್ತದೆ. ಸುಗ್ಗಿಯ ಹಣ ಬಂದಾಗ ಒಮ್ಮೆ ಖರ್ಚುಮಾಡಿ ನಿಶ್ಚಿಂತರಾಗುವ ಉಚಿತ ಡಿಶ್ ರೈತನ ಕೈಗೆ ಒಗ್ಗುವಂಥದು ಎನ್ನುವುದಕ್ಕೆ ಇದೇ ಕಾರಣ.

ಅದರ ಕೊರತೆಯನ್ನೂ ಹೇಳಿಬಿಡಬೇಕು. 2004ರ ಡಿಸೆಂಬರಿನಲ್ಲಿ 33 ವಾಹಿನಿಗಳೊಡನೆ ಆರಂಭವಾದ ಈ ಸೇವೆಯಲ್ಲಿ ಈಗ ಅದಕ್ಕಿಂತ ಬಹಳ ಹೆಚ್ಚು ವಾಹಿನಿಗಳಿವೆ. ಚಂದನವೂ ಇದೆ, 2015ರಲ್ಲಿ ಆರಂಭವಾದ ಡಿ.ಡಿ. ಕಿಸಾನ್ ಕೂಡ ಇದೆ. ಆದರೆ ಖಾಸಗಿ ವಾಹಿನಿಗಳಲ್ಲಿ ಹಿಂದಿಯವೇ ಹೆಚ್ಚು, ಕನ್ನಡದವು ಕಡಿಮೆ. ಮನೆಯಲ್ಲಿ ಎಲ್ಲರೂ ನೋಡುವ ಕನ್ನಡ ಧಾರಾವಾಹಿ ಬೇಕೇ ಬೇಕೆಂದರೆ ಕೇಬಲ್ ಅಥವಾ ಹಣದ ಡಿಶ್ಶೇ ಗತಿ. ಮನೆಯವರೊಡನೆ ಕೂತು ಮಾತಾಡಿ ತೀರ್ಮಾನಿಸುವುದು ಲೇಸು. ಯಜಮಾನರೊಬ್ಬರೇ ತೀರ್ಮಾನಿಸಿ ಡಿಶ್ ತಂದ ಮನೆಯಲ್ಲಿ ಎಂಟು ದಿನ ಮಾತಿಲ್ಲದೆ ಹೋದದ್ದನ್ನು ಕೇಳಿದ್ದೇನೆ.

ಕೇಬಲ್ ಇರುವವರಿಗೆ ಒಂದು ಮಾತು. ದೂರದರ್ಶನದ ಗೊತ್ತುಪಡಿಸಿದ ವಾಹಿನಿಗಳನ್ನು ಕೇಬಲ್‌ನವರು ಕೊಡಲೇಬೇಕೆಂದು ಕಾಯ್ದೆಯಲ್ಲಿದೆ. ಚಂದನಕ್ಕೆ ಬೇರೆ ಹಣ ಕೊಡಬೇಕೆಂದು ಯಾರಾದರೂ ಹೇಳಿದರೆ ನಂಬಬೇಡಿ. ಹಾಗೆಯೇ ಒಬ್ಬ ಕೇಬಲ್‌ನವನ ಬಾಕ್ಸ್ ಸಾಮಾನ್ಯವಾಗಿ ಇನ್ನೊಬ್ಬನ ಬಳಿ ನಡೆಯುವುದಿಲ್ಲ ಎಂಬುದನ್ನು ಹಣ ಕೊಡುವ ಮೊದಲು ತಿಳಿದಿರಬೇಕು.

ನೋಡಿ ತಿಳಿಯುವ ವಿಷಯಗಳು

'ಟಿ.ವಿ. ಇಲ್ಲದಿದ್ದರೆ ಬೆಳೆ ಬರುವುದಿಲ್ಲವೆ?' ಎಂದು ಕೇಳುವವರಿದ್ದಾರೆ. ಬರುತ್ತದೆ. ಆದರೆ 2018ರ ಮೇ ತಿಂಗಳನ್ನು ನೆನೆಯಿರಿ. ಫಾಲ್ ಸೈನಿಕ ಹುಳು ಎಂಬ ಹೊರದೇಶದ ಕೀಟವು ಭಾರತದಲ್ಲಿ ಮೊದಲ ಬಾರಿಗೆ ಕಂಡದ್ದು ನಮ್ಮ ಪಕ್ಕದ ಶಿವಮೊಗ್ಗದ ಮೆಕ್ಕೆಜೋಳದ ಹೊಲಗಳಲ್ಲಿ. ನಮ್ಮಲ್ಲಿ ಮೊದಲಿನಿಂದ ಇದ್ದ ಸೈನಿಕ ಹುಳುವಿಗೂ ಇದಕ್ಕೂ ವ್ಯತ್ಯಾಸವಿದೆ. ಇದರ ತಲೆಯ ಮೇಲೆ ತಲೆಕೆಳಗಾದ ಇಂಗ್ಲಿಷ್ 'ವೈ' ಅಕ್ಷರದಂಥ ಬಿಳಿಯ ಗೆರೆ, ಹಿಂಭಾಗದಲ್ಲಿ ಚೌಕದ ನಾಲ್ಕು ಮೂಲೆಗಳಂತೆ ನಾಲ್ಕು ಕಪ್ಪು ಚುಕ್ಕೆಗಳು. ಸುಳಿಯೊಳಗೆ ಸೇರಿದ ಮೇಲೆ ಔಷಧಿ ತಗಲುವುದು ಕಷ್ಟ. ಆದುದರಿಂದ ಮರಿಹುಳುವಾಗಿದ್ದಾಗಲೇ ಗುರುತಿಸಬೇಕು. ಇದನ್ನು ಬಾಯಿಮಾತಿನಲ್ಲಿ ನೂರು ಸಲ ಹೇಳುವುದಕ್ಕಿಂತ ಪರದೆಯ ಮೇಲೆ ಒಂದು ಸಲ ತೋರಿಸಿದರೆ ರೈತನ ಕಣ್ಣಿಗೆ ಕಟ್ಟುವುದು.

ಮೊಬೈಲಿನಲ್ಲಿಯೂ ಇಂಥವು ಸಿಗುತ್ತವೆ, ನಿಜ. ಆದರೆ ಮೊಬೈಲು ಒಬ್ಬನ ಕೈಯಲ್ಲಿರುವುದು. ಟಿ.ವಿ.ಯನ್ನು ಕಳೆ ಕೀಳುವ ಹೆಣ್ಣುಮಕ್ಕಳೂ, ಅಕ್ಷರ ಬಾರದ ಅಜ್ಜನೂ, ಶಾಲೆಗೆ ಹೋಗುವ ಹುಡುಗನೂ ಒಟ್ಟಿಗೆ ಕೂತು ನೋಡುವರು. ಹುಳುವನ್ನು ಹೊಲದಲ್ಲಿ ಮೊದಲು ಕಾಣುವವರು ಬಹುಮಟ್ಟಿಗೆ ಕಳೆ ಕೀಳುವವರೇ ಅಲ್ಲವೆ?

ಡಿಶ್ ಕೂಡಿಸುವ ಕ್ರಮ

ಉಚಿತ ಡಿಶ್‌ನ ವಾಹಿನಿಗಳು ಜಿಸ್ಯಾಟ್-15 ಎಂಬ ನಮ್ಮದೇ ಉಪಗ್ರಹದಿಂದ ಬರುತ್ತವೆ. 2015ರ ನವೆಂಬರಿನಲ್ಲಿ ಹಾರಿಸಲಾದ ಇದು ಭೂಮಧ್ಯರೇಖೆಯ ಮೇಲೆ, ಸುಮಾರು 36,000 ಕಿ.ಮೀ. ಎತ್ತರದಲ್ಲಿ, 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ. ಭೂಮಿಯ ಜೊತೆಗೇ ಸುತ್ತುವುದರಿಂದ ನಮಗೆ ಒಂದೇ ಕಡೆ ನಿಂತಂತೆ ಇರುತ್ತದೆ. ಆದುದರಿಂದ ಡಿಶ್ಶನ್ನು ಒಮ್ಮೆ ಸರಿಯಾಗಿ ಕೂಡಿಸಿದರೆ ಮತ್ತೆ ತಿರುಗಿಸುವ ಕೆಲಸವಿಲ್ಲ.

ಚಿಗಟೇರಿಯಿಂದ ನೋಡಿದರೆ ಇದು ಆಗ್ನೇಯ ದಿಕ್ಕಿನಲ್ಲಿ, ಕರಾರುವಾಕ್ಕಾಗಿ ಹೇಳುವುದಾದರೆ ಉತ್ತರದಿಂದ ಪ್ರದಕ್ಷಿಣವಾಗಿ ಸುಮಾರು 129 ಡಿಗ್ರಿಯಲ್ಲಿ, ದಿಗಂತದಿಂದ ಸುಮಾರು 63 ಡಿಗ್ರಿ ಎತ್ತರದಲ್ಲಿದೆ. ಅಂದರೆ ನಡುನೆತ್ತಿಗೂ ದಿಗಂತಕ್ಕೂ ನಡುವೆ, ನೆತ್ತಿಗೇ ಹತ್ತಿರ. ಡಿಶ್ ಮಾತ್ರ ಇದಕ್ಕಿಂತ ನೆಟ್ಟಗೆ ನಿಂತಂತೆ ಕಾಣುವುದು. ಅದರ ಬಾಗು ಒಂದು ಕಡೆಗೆ ಇರುವುದರಿಂದ ಹಾಗೆ ಕಾಣುತ್ತದೆಯೇ ಹೊರತು ತಪ್ಪೇನೂ ಇಲ್ಲ.

ಮರ ಅಡ್ಡವಾಗುತ್ತದೆಯೇ ಎಂಬುದು ಎಲ್ಲರೂ ಕೇಳುವ ಪ್ರಶ್ನೆ. ಇದಕ್ಕೆ ಸುಲಭವಾದ ಲೆಕ್ಕವಿದೆ. ಆಗ್ನೇಯ ದಿಕ್ಕಿನ ಮರವು ಡಿಶ್‌ನಿಂದ ಎಷ್ಟು ದೂರವಿದೆಯೋ ಅದರ ಎರಡರಷ್ಟು ಎತ್ತರ ಡಿಶ್‌ಗಿಂತ ಮೇಲಕ್ಕೆ ಬೆಳೆದಿದ್ದರೆ ಮಾತ್ರ ಅಡ್ಡ. ಇಪ್ಪತ್ತು ಅಡಿ ದೂರದ ಮರ ನಲವತ್ತು ಅಡಿ ಮೀರಿದ್ದರೆ ತೊಂದರೆ. ಅದಕ್ಕಿಂತ ಗಿಡ್ಡವಿದ್ದರೆ ಯೋಚನೆಯಿಲ್ಲ. ಹಿತ್ತಲಿನ ಬಣವೆಯಿಂದಂತೂ ಸಾಮಾನ್ಯವಾಗಿ ಅಡ್ಡಿಯಾಗದು. ಡಿಶ್‌ಗೆಂದು ಬೇವಿನ ಮರ ಕಡಿಯಲು ಹೊರಟವರನ್ನು ಕಂಡಿದ್ದೇನೆ. ಡಿಶ್ಶನ್ನು ನಾಲ್ಕು ಮೊಳ ಆಚೆ ಸರಿಸಿದರೆ ಮುಗಿಯುವ ಕೆಲಸಕ್ಕೆ ಮರ ಕಡಿಯಬೇಡಿ.

ಇನ್ನೂ ಒಂದು ಉಪಾಯವುಂಟು. ಪ್ರತಿವರ್ಷ ಮಾರ್ಚ್ ನಡುಭಾಗದಲ್ಲಿ ಮತ್ತು ಸೆಪ್ಟೆಂಬರ್ ಕೊನೆಯ ಸುಮಾರಿಗೆ ಕೆಲವು ದಿನ, ಬೆಳಿಗ್ಗೆ 11 ಗಂಟೆಯ ಆಸುಪಾಸಿನಲ್ಲಿ, ಸೂರ್ಯನು ಸರಿಯಾಗಿ ಈ ಉಪಗ್ರಹದ ಹಿಂದೆ ಬರುತ್ತಾನೆ. ಆಗ ಡಿಶ್ ಇಡಬೇಕೆಂದಿರುವ ಜಾಗದಲ್ಲಿ ಬಿಸಿಲು ಬಿದ್ದರೆ ದಾರಿ ಸುಗಮ. ಕೊಂಬೆಯದೋ ಗೋಡೆಯದೋ ನೆರಳು ಬಿದ್ದರೆ ಅದೇ ಅಡ್ಡಿ. ಸೂರ್ಯನನ್ನು ನೇರವಾಗಿ ನೋಡಬಾರದು, ನೆಲದ ನೆರಳನ್ನು ನೋಡಿದರೆ ಸಾಕು. ಅದೇ ದಿನಗಳಲ್ಲಿ ಕೆಲವು ನಿಮಿಷ ಟಿ.ವಿ. ತಾನಾಗಿ ನಿಂತು ತಾನಾಗಿ ಬರುವುದೂ ಉಂಟು. ಸೂರ್ಯನ ಪ್ರಖರತೆಯಲ್ಲಿ ಉಪಗ್ರಹದ ದನಿ ಅಡಗಿಹೋಗುವುದರಿಂದ ಹೀಗಾಗುವುದು. ಆಗ ರಿಪೇರಿಯವನನ್ನು ಕರೆಯಬೇಡಿ.

ನಮ್ಮ ಕಡೆಯ ಮಣ್ಣಿನ ಮಾಳಿಗೆಗೆ ಡಿಶ್ ಬಿಗಿಯುವುದು ಸರಿಯಲ್ಲ. ಬೋಲ್ಟು ಹಿಡಿಯುವುದಿಲ್ಲ, ತೂತಿನಿಂದ ಮಳೆನೀರು ಇಳಿಯುವುದು. ತಗಡಿನ ಮೇಲಂತೂ ಕೂಡದು. ಗಾಳಿಗೆ ತಗಡು ನಡುಗಿದಾಗಲೆಲ್ಲ ಚಿತ್ರ ಒಡೆಯುವುದು. ಕಲ್ಲುಗೋಡೆಗೆ ಬಿಗಿಯಬಹುದು. ಇಲ್ಲವೆ ಅಂಗಳದಲ್ಲಿ ಎರಡು ಅಡಿ ಗುಂಡಿ ತೆಗೆದು, ಕಬ್ಬಿಣದ ಪೈಪನ್ನು ಕಾಂಕ್ರೀಟಿನಲ್ಲಿ ನೆಟ್ಟಗೆ ನಿಲ್ಲಿಸಿ ಅದಕ್ಕೆ ಕೂಡಿಸಬಹುದು. ದನಕರು ಮೈ ಉಜ್ಜದ ಜಾಗವಾಗಿರಬೇಕು. ಪೈಪು ತೂಗುಗುಂಡಿನ ನೇರಕ್ಕೆ ನಿಂತಿರುವುದು ಬಹಳ ಮುಖ್ಯ, ಅದು ವಾಲಿದರೆ ಮೇಲಿನ ಲೆಕ್ಕವೆಲ್ಲ ತಪ್ಪುವುದು. ಎರಡಡಿ ಅಗಲದ ಡಿಶ್‌ನ ಅಂಚು ಒಂದು ಬೆರಳಗಲ ಸರಿದರೂ ಸಾಕು, ಗುರಿ ತಪ್ಪಿ ಚಿತ್ರ ಹೋಗುವುದು. ಆಷಾಢದ ಗಾಳಿಗೆ ಮುಂಚೆ ಒಮ್ಮೆ ನಟ್ಟುಗಳನ್ನು ಬಿಗಿಮಾಡಿಕೊಳ್ಳುವುದು ಇದಕ್ಕಾಗಿಯೇ.

ಬಾಕ್ಸ್‌ನಲ್ಲಿ ಸಿಗ್ನಲ್ ತೋರಿಸುವ ಎರಡು ಪಟ್ಟಿಗಳಿರುತ್ತವೆ: ಒಂದು ಸ್ಟ್ರೆಂಥ್, ಇನ್ನೊಂದು ಕ್ವಾಲಿಟಿ. ಮೊದಲನೆಯದು ವೈರು ಜೋಡಣೆಯಾಗಿದ್ದರೆ ಡಿಶ್ ಎತ್ತ ತಿರುಗಿದ್ದರೂ ಬಹುಮಟ್ಟಿಗೆ ತುಂಬಿಯೇ ಕಾಣುವುದು. ಅದನ್ನು ನಂಬಬಾರದು. ಎರಡನೆಯದು ಏರುವವರೆಗೆ ಡಿಶ್ಶನ್ನು ಕೂದಲೆಳೆಯಷ್ಟು ಸರಿಸುತ್ತ, ಪ್ರತಿ ಸಲವೂ ಎರಡು ಮೂರು ಸೆಕೆಂಡು ಕಾಯುತ್ತ ಹೋಗಬೇಕು. ಅವಸರ ಮಾಡಿದವರಿಗೆ ಸಿಗದು. ಬಾಕ್ಸ್ ಕೊಳ್ಳುವಾಗ ಎಂಪೆಗ್-4 ಬಾಕ್ಸನ್ನೇ ಕೇಳಿರಿ. ಹಳೆಯ ಎಂಪೆಗ್-2 ಬಾಕ್ಸ್‌ನಲ್ಲಿ ಎಲ್ಲ ವಾಹಿನಿಗಳೂ ಬರುವುದಿಲ್ಲ. ಖಾಸಗಿ ವಾಹಿನಿಗಳಿಗೆ ಇಲ್ಲಿ ಜಾಗ ಸಿಗುವುದು ಹರಾಜಿನಲ್ಲಿ. ಆದುದರಿಂದ ಕೆಲವು ವಾಹಿನಿಗಳು ಹೋಗಿ ಬೇರೆಯವು ಬರುವುದುಂಟು. ಏಪ್ರಿಲ್ ತಿಂಗಳಲ್ಲಿ ಒಮ್ಮೆ ಹೊಸದಾಗಿ ವಾಹಿನಿಗಳನ್ನು ಹುಡುಕಿಸಿಕೊಂಡರೆ ಸರಿಹೋಗುವುದು.

ಮಳೆ ಮತ್ತು ಸಿಡಿಲು

ದೊಡ್ಡ ಮಳೆ ಬಂದಾಗ ಡಿಶ್ ಟಿ.ವಿ. ನಿಲ್ಲುವುದು ಸಹಜ. ಉಪಗ್ರಹದಿಂದ ಬರುವ ಅತಿ ಸಣ್ಣ ಅಲೆಗಳನ್ನು ದಪ್ಪ ಹನಿಗಳು ಹೀರಿಬಿಡುತ್ತವೆ. ಮಳೆಯ ಸುದ್ದಿ ಬೇಕಾದಾಗಲೇ ಟಿ.ವಿ. ನಿಲ್ಲುವುದು ಇದರ ದೊಡ್ಡ ದೋಷ. ಗೋಪುರದ ಟಿ.ವಿ.ಗೆ ಈ ತೊಂದರೆ ಇರಲಿಲ್ಲ. ಆದುದರಿಂದ ಮನೆಯಲ್ಲಿ ಬ್ಯಾಟರಿಯ ರೇಡಿಯೋ ಒಂದನ್ನು ಇಟ್ಟುಕೊಳ್ಳಿರಿ. ನಿಮ್ಮೂರಿಗೆ ಕೇಳಿಸುವ ಆಕಾಶವಾಣಿ ಕೇಂದ್ರಕ್ಕೆ ಮಳೆಯ ಅಡ್ಡಿಯಿಲ್ಲ, ವಿದ್ಯುತ್ತಿನ ಹಂಗೂ ಇಲ್ಲ.

ಭರಣಿ, ಕೃತ್ತಿಕಾ ಮಳೆಗಳು ಗುಡುಗು ಸಿಡಿಲಿನೊಡನೆ ಬರುವಂಥವು. ದೂರದಲ್ಲಿ ಗುಡುಗು ಕೇಳಿದಾಗಲೇ ಟಿ.ವಿ. ಮತ್ತು ಬಾಕ್ಸ್‌ನ ಪ್ಲಗ್ಗುಗಳನ್ನು ಕಿತ್ತು, ಬಾಕ್ಸ್‌ನ ಹಿಂದಿನ ಡಿಶ್ ವೈರನ್ನೂ ತಿರುವಿ ತೆಗೆದು ದೂರ ಇಡಬೇಕು. ಸ್ವಿಚ್ಚು ಆರಿಸಿದರೆ ಮಾತ್ರ ಸಾಲದು. ಸಿಡಿಲಿನ ವಿದ್ಯುತ್ತು ವೈರಿನ ಮೂಲಕ ಬರುವುದು. ಗುಡುಗು ತಲೆಯ ಮೇಲೆ ಬಂದ ಮೇಲೆ ವೈರನ್ನು ಮುಟ್ಟಲು ಹೋಗಬಾರದು, ಟಿ.ವಿ. ಹೋದರೆ ಹೋಗಲಿ. ವೈರು ಗೋಡೆಯೊಳಕ್ಕೆ ಬರುವ ಮೊದಲು ಹೊರಗೆ ಒಂದು ಗೇಣು ಕೆಳಕ್ಕೆ ಜೋತುಬೀಳುವಂತೆ ಬಿಟ್ಟರೆ ಮಳೆನೀರು ಅಲ್ಲಿಯೇ ತೊಟ್ಟಿಕ್ಕಿ ಹೋಗುವುದು, ಒಳಗೆ ಹರಿಯದು.

ಹಳೆಯ ಟಿ.ವಿ.ಯನ್ನು ಏನು ಮಾಡುವುದು?

ಎಸೆಯಬೇಕಾಗಿಲ್ಲ. ಹಿಂಭಾಗದಲ್ಲಿ ಹಳದಿ, ಬಿಳಿ, ಕೆಂಪು ಬಣ್ಣದ ಮೂರು ತೂತುಗಳಿದ್ದರೆ ದಪ್ಪ ಟಿ.ವಿ.ಯೂ ಹೊಸ ಬಾಕ್ಸ್‌ನೊಡನೆ ನಡೆಯುವುದು. ಹಳದಿ ಚಿತ್ರಕ್ಕೆ, ಉಳಿದೆರಡು ಧ್ವನಿಗೆ. ಆಂಟೆನಾದ ತೂತು ಒಂದೇ ಇರುವ ಬಹು ಹಳೆಯ ಟಿ.ವಿ.ಗೆ ನಡುವೆ ಇನ್ನೊಂದು ಸಣ್ಣ ಸಾಧನ ಬೇಕಾಗುವುದು. ಅಂಗಡಿಯವನಿಗೆ ಟಿ.ವಿ.ಯ ಹಿಂಭಾಗದ ಚಿತ್ರವನ್ನು ಮೊಬೈಲಿನಲ್ಲಿ ತೆಗೆದು ತೋರಿಸಿದರೆ ಒಳ್ಳೆಯದು. ನಿಜವಾಗಿಯೂ ಕೆಟ್ಟಿದ್ದರೆ ಅದರ ಗಾಜಿನ ಕೊಳವೆಯನ್ನು ಒಡೆದು ತಿಪ್ಪೆಗೋ ಹೊಲದ ಬದುವಿಗೋ ಹಾಕಬೇಡಿ. ಆ ಗಾಜಿನಲ್ಲಿ ಸೀಸವಿದೆ, ಅದು ಮಣ್ಣಿಗೂ ನೀರಿಗೂ ವಿಷ. ಇಡಿಯಾಗಿಯೇ ಹಳೆಯ ಎಲೆಕ್ಟ್ರಾನಿಕ್ ಸಾಮಾನು ಕೊಳ್ಳುವವರಿಗೆ ಕೊಡಬೇಕು.

ಬೆಳೆಯ ವಿಷಯದಲ್ಲಿ ಟಿ.ವಿ.ಯಲ್ಲಿ ಕಂಡದ್ದು ಅರ್ಥವಾಗದಿದ್ದರೆ, ಅಥವಾ ನಿಮ್ಮ ಹೊಲಕ್ಕೆ ಹೊಂದುವುದೋ ಇಲ್ಲವೋ ಎಂಬ ಅನುಮಾನವಿದ್ದರೆ, ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿರಿ. ಕಿಸಾನ್ ಕಾಲ್ ಸೆಂಟರಿನ 1800-180-1551 ಸಂಖ್ಯೆಗೆ ಬೆಳಿಗ್ಗೆ 6ರಿಂದ ರಾತ್ರಿ 10ರೊಳಗೆ ಕರೆ ಮಾಡಿದರೆ ಕನ್ನಡದಲ್ಲಿಯೇ ಉತ್ತರ ದೊರೆಯುವುದು, ಕರೆಗೆ ಹಣವಿಲ್ಲ.

ಮೊದಲು ಹೇಳಿದ ಆ ಹಿರಿಯ ರೈತರ ಮನೆಗೆ ಈರುಳ್ಳಿ ಕಿತ್ತ ಮೇಲೆ ಇನ್ನೊಮ್ಮೆ ಹೋಗುವ ಸಂದರ್ಭ ಬಂದಿತು. ಟಿ.ವಿ. ಹಳೆಯದೇ. ಆಂಟೆನಾ ನಿಂತಿದ್ದ ಕಬ್ಬಿಣದ ಕೊಳವೆಯನ್ನೇ ಮಾಳಿಗೆಯಿಂದ ಇಳಿಸಿ, ಅಂಗಳದ ಮೂಲೆಯಲ್ಲಿ ಹುಗಿದು, ಅದಕ್ಕೆ ಡಿಶ್ ಕೂಡಿಸಿದ್ದರು. "ಕ್ವಾಲಿಟಿ ಎಪ್ಪತ್ತರ ಮ್ಯಾಲೈತ್ರಿ ಸಾಹೇಬ್ರೆ" ಎಂದು ರಿಮೋಟು ಒತ್ತಿ ತೋರಿಸಿದರು. ಆಂಟೆನಾದ ಅಲ್ಯೂಮಿನಿಯಂ ಕಡ್ಡಿಗಳು ಹಿತ್ತಲಲ್ಲಿ ಹೀರೆ ಬಳ್ಳಿಗೆ ಆಸರೆಯಾಗಿದ್ದವು.